ಸುಂಕಸಾಳದಲ್ಲಿ ನಿಂತು ಸರ್ವರ್ ಖಾಲಿ ಮಾಡಿದ್ದು

ಗ್ಯಾಸ್ ಟ್ಯಾಂಕರ್ ಮಗುಚಿದ್ದು ಸುಂಕಸಾಳ ದಾಟಿ ಅಂಕೋಲೆಯ ಕಡೆ ಹೋಗುವ ತಿರುವಿನಲ್ಲಿ. ನಮ್ಮ ಬಸ್ಸು ಅದಕ್ಕಿಂತ ತುಸು ಹಿಂದೆ, ಒಂದು ಚಹಾದ ಹೋಟೆಲಿನ ಎದುರು ನಿಂತುಬಿಟ್ಟಿತು. ಪೊಲೀಸರು ಬಂದು ಎಲ್ಲರ ಇಂಜಿನ್ ಬಂದ್ ಮಾಡಿಸಿದರು, ಬೀಡಿ ಹಚ್ಚಲು ಹೊರಟವನೊಬ್ಬನಿಗೆ ಬೈದರು, ಮುಂದೆ ಯಾರೂ ಹೋಗುವ ಹಾಗಿಲ್ಲ ಎಂದರು. ಹಿಂದಕ್ಕೆ ತಿರುಗೋಣವೆಂದರೆ ಯಲ್ಲಾಪುರದ ಕಡೆಯಿಂದ ಇಳಿದ ಲಾರಿಗಳು ನಮ್ಮ ಬೆನ್ನಿಗೇ ಸಾಲುಗಟ್ಟಿದ್ದವು. ಮೇ ತಿಂಗಳ ಭಾನುವಾರ, ಊಟದ ಹೊತ್ತು, ಮೈಯೆಲ್ಲ ಬೆವರು. ಕಂಡಕ್ಟರ್ ಚೀಲವನ್ನೇ ತಲೆದಿಂಬು ಮಾಡಿಕೊಂಡು ಉದ್ದನೆಯ ಸೀಟಿನಲ್ಲಿ ಒರಗುತ್ತ, "ಆರಾಮ್ ಇರ್ರಿ, ಸಂಜೀತನ ಈ ಬಸ್ ಎಲ್ಲೂ ಓಡಿ ಹೋಗಂಗಿಲ್ಲ" ಅಂದ. ಅವನಿಗೆ ತಮಾಷೆ, ನನಗಲ್ಲ.

ಯಾಕೆಂದರೆ ಅದೇ ಸಂಜೆ ಒಂದು ಸರ್ವರ್ ಮುಚ್ಚುವುದಿತ್ತು. ಅದರೊಳಗಿದ್ದ ಒಬ್ಬಳ ವೆಬ್‌ಸೈಟನ್ನು ಅಷ್ಟರೊಳಗೆ ಹೊರಗೆ ಸಾಗಿಸಬೇಕಾಗಿತ್ತು. ಸಾಗಿಸಬೇಕಾದವಳು ನಾನು. ನಾನು ಕಾರವಾರದ ಹಬ್ಬುವಾಡದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕೂತು ಸಣ್ಣಪುಟ್ಟ ವ್ಯಾಪಾರದವರ ಸೈಟುಗಳನ್ನು ನೋಡಿಕೊಳ್ಳುವವಳು. ಯಲ್ಲಾಪುರದ ಒಂದು ಅಂಗಡಿಯ ಕಂಪ್ಯೂಟರ್ ಕೆಟ್ಟಿದೆಯೆಂದು ಹಿಂದಿನ ದಿನ ಹೋಗಿದ್ದೆ. ಮಧ್ಯಾಹ್ನ ಅಂಕೋಲೆಯಲ್ಲಿ ಇಳಿದು ಆ ಹೆಂಗಸಿನ ಮನೆಗೆ ಹೋಗಿ ಕೆಲಸ ಮುಗಿಸುತ್ತೇನೆ ಅಂದುಕೊಂಡಿದ್ದೆ. ನಾವು ಅಂದುಕೊಂಡಿದ್ದು ಟ್ಯಾಂಕರ್ ಡ್ರೈವರನಿಗೆ ಹೇಗೆ ಗೊತ್ತಾಗಬೇಕು?

ಆ ಹೆಂಗಸನ್ನು ನಾನು ಅಕ್ಕ ಅನ್ನುತ್ತೇನೆ. ಅಂಕೋಲೆಯ ಕಡಲ ದಂಡೆಯ ಮೀನುಗಾರರ ಕೇರಿಯವಳು. ಮೊದಲು ಬುಟ್ಟಿ ಹೊತ್ತು ಪೇಟೆಯಲ್ಲಿ ಕೂರುತ್ತಿದ್ದಳು. ಆಮೇಲೆ ಮರಳಿನ ಮೇಲೆ ಮೀನು ಒಣಗಿಸುವುದನ್ನು ಬಿಟ್ಟು ಬಿದಿರಿನ ಅಟ್ಟ ಕಟ್ಟಿ, ಮೇಲೆ ಬಲೆ ಮುಚ್ಚಿ, ಮರಳು ಸೋಕದ ಹಾಗೆ ಒಣಗಿಸಲು ಶುರುಮಾಡಿದಳು. ಬಂಗಡೆ, ಮೋರಿ, ಶೆಟ್ಲಿ. ಸಣ್ಣ ಶಾರ್ಕಿಗೆ ನಮ್ಮ ಕಡೆ ಮೋರಿ, ಸಿಗಡಿಗೆ ಶೆಟ್ಲಿ ಅನ್ನುತ್ತಾರೆ. ಅವಳ ಮೈದುನ ತನ್ನ ಗೆಳೆಯನಿಂದ ಒಂದು ವೆಬ್‌ಸೈಟ್ ಮಾಡಿಸಿಕೊಟ್ಟ. ಮುಂಬೈ, ಪುಣೆ, ಗೋವಾದಲ್ಲಿರುವ ನಮ್ಮ ಕಡೆಯ ಜನ ಮಳೆಗಾಲಕ್ಕೆ ಮುಂಚೆ ಅದರಲ್ಲಿ ಹೆಸರು, ವಿಳಾಸ ಬರೆದು ಮುಂಗಡ ಕೊಟ್ಟು ಕಾಯ್ದಿರಿಸುತ್ತಾರೆ. ಆ ಸಲದ ಮೀನೆಲ್ಲ ಒಣಗಿ, ಕಟ್ಟಿ, ಚೀಲ ತುಂಬಿ ಅವಳ ಪಡಸಾಲೆಯಲ್ಲಿತ್ತು. ಯಾವುದು ಯಾರಿಗೆ ಹೋಗಬೇಕು ಅನ್ನುವುದು ಮಾತ್ರ ಸೈಟಿನೊಳಗಿತ್ತು. ಬೇರೆಲ್ಲೂ ಬರೆದಿಟ್ಟಿರಲಿಲ್ಲ. "ಸೈಟಲ್ಲಿ ಅದೆಯಲ್ಲ, ಮತ್ತೆ ಬರೆಯೂದು ಎಂತಕೆ?" ಎಂದು ನನ್ನನ್ನೇ ಕೇಳಿದ್ದಳು. ಆ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಈ ಗಂಡಾಂತರ ಬಂತು.

ಮೈದುನನ ಗೆಳೆಯ ಹುಬ್ಬಳ್ಳಿಯವ. ದೊಡ್ಡ ಸರ್ವರ್ ಒಂದನ್ನು ಬಾಡಿಗೆಗೆ ಹಿಡಿದು, ಅದರಲ್ಲಿ ಕೋಣೆ ಕೋಣೆ ಮಾಡಿ ಜನರಿಗೆ ಮರುಬಾಡಿಗೆ ಕೊಡುತ್ತಿದ್ದ. ಈ ವ್ಯಾಪಾರದಲ್ಲಿ ಅದು ಮಾಮೂಲು. ಮಾಮೂಲಲ್ಲದ್ದು ಏನೆಂದರೆ, ಎಲ್ಲರ ಖಾತೆಯನ್ನೂ, ಸೈಟಿನ ಹೆಸರನ್ನೂ ತನ್ನ ಹೆಸರಲ್ಲೇ ಇಟ್ಟುಕೊಂಡಿದ್ದ. ಈಗ ಅಂಗಡಿ ಮುಚ್ಚಿ ಬೇರೇನೋ ಮಾಡುವವನಿದ್ದ. ಖಾತೆಯ ಪಾಸ್‌ವರ್ಡ್ ಕೊಡು ಮಾರಾಯ ಎಂದು ನಾನು ವಾರಗಟ್ಟಲೆ ಅವನ ಬೆನ್ನು ಹತ್ತಿದ್ದೆ. ಆ ಪುಣ್ಯಾತ್ಮ ಅದನ್ನು ಕಳಿಸಿದ್ದು ಆ ಭಾನುವಾರ ಬೆಳಿಗ್ಗೆ. ಜೊತೆಗೊಂದು ಮಾತು: "ಸಂಜೀಕ್ ಸರ್ವರ್ ವಾಪಸ್ ಹೋಕ್ಕೈತ್ರಿ ಮೇಡಂ, ನನ್ ಕೈಯಾಗ ಏನೂ ಇಲ್ಲ."

ಬಸ್ಸಿನಿಂದ ಇಳಿದು ಫೋನ್ ತೆಗೆದು ನೋಡಿದೆ. ಇಂಟರ್‌ನೆಟ್ ಸೊನ್ನೆ. ಅಲ್ಲಿ ಮೊದಲೇ ಸಿಗ್ನಲ್ ಅಷ್ಟಕ್ಕಷ್ಟೆ. ಅವತ್ತು ನಿಂತ ಅಷ್ಟೂ ವಾಹನಗಳ ಜನ ಒಟ್ಟಿಗೇ ಮನೆಗೆ ಫೋನ್ ಹಚ್ಚಿದ್ದರು. ಬೆನ್ನ ಮೇಲಿನ ಚೀಲದಲ್ಲಿ ಲ್ಯಾಪ್‌ಟಾಪ್ ಇದ್ದು ಏನು ಬಂತು? ಇಬ್ಬರು ಪ್ರಯಾಣಿಕರ ಫೋನ್ ಇಸಿದುಕೊಂಡು ನೋಡಿದೆ, ಅದೇ ಕತೆ. ಹೋಟೆಲಿನ ಪಕ್ಕ ಕೈ ತೊಳೆಯುವ ಜಾಗದಲ್ಲಿ ಮಾತ್ರ ಮಾತಾಡುವಷ್ಟು ಸಿಗ್ನಲ್ ಬರುತ್ತಿತ್ತು. ಅಲ್ಲೇ ಗೋಡೆಗೆ ಒತ್ತಿಕೊಂಡು ನಿಂತೆ. ಊಟ ಮಾಡಿದವರು ಬಂದು ಬಾಯಿ ಮುಕ್ಕಳಿಸುತ್ತಿದ್ದರು. ನೀರು ನನ್ನ ಸೀರೆಗೆ ಹಾರುತ್ತಿತ್ತು.

"ಅಕ್ಕಾ, ನಾ ಬರೂದು ಆಗೂದಿಲ್ಲ" ಅಂದೆ.

"ಮೈದುನ ಮೀನು ದಲಾಲಿಗೆ ಮಾರೂಕೆ ಟೆಂಪೋ ಹೇಳಿದ್ದ ತಂಗೀ, ಸಂಜಿಗೆ" ಅಂದಳು. "ಯಾರಿಗೆ ಕಳಿಸೂದು ಅಂತ್ಲೇ ಗುತ್ತಿಲ್ಲ ಅಂದ್ರೆ ಮನಿಯಲ್ಲಿಟ್ಟು ಎಂತ ಮಾಡ್ತೆ, ಮಳೆ ಬಿದ್ರೆ ಹುಳ ಆಗ್ತದೆ ಅಂತ. ಅವ ಹೇಳೂದೂ ಸುಳ್ಳಲ್ಲ. ಆದ್ರೆ ನಾ ದುಡ್ಡು ಇಸ್ಕಂಡವ್ರಿಗೆ ಎಂತ ಹೇಳ್ಲಿ? ಅವ್ರ ಕಣ್ಣಿಗೆ ನಾ ಕಳ್ಳಿ ಆಗ್ತೆ."

ಅವಳ ಮನೆಯಲ್ಲಿ ನಾನೇ ನೋಡಿ ಕೊಡಿಸಿದ ಹಳೆಯ ಲ್ಯಾಪ್‌ಟಾಪ್ ಇತ್ತು. ಆರ್ಡರ್ ಬಂದದ್ದನ್ನು ನೋಡುವುದು, ಫೋಟೋ ಹಾಕುವುದು ಬರುತ್ತಿತ್ತು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದಳು. ಹಾಗೆ ಓದಿ ಅಷ್ಟೂ ಆರ್ಡರುಗಳನ್ನು ಬರೆದುಕೊಳ್ಳುವುದು ಸಂಜೆಯೊಳಗೆ ಮುಗಿಯುವ ಕೆಲಸವಾಗಿರಲಿಲ್ಲ. ಪೇಟೆಯ ಕಂಪ್ಯೂಟರ್ ಅಂಗಡಿಗಳು ಭಾನುವಾರ ಬಂದ್. ಗಂಡ ಕಡಲಲ್ಲಿ. ಬೇರೆ ದಾರಿಯೇ ಇರಲಿಲ್ಲ. "ನೀನೇ ಮಾಡಬೇಕು, ನಾ ಹೇಳ್ತಾ ಹೋಗ್ತೆ" ಅಂದೆ.

ಹೊಸಬರಿಗೆ ನಾನು ಹೇಳುವ ಪಾಠವನ್ನೇ ಅವಳಿಗೂ ಹೇಳಿದೆ. ಹೋಸ್ಟಿಂಗ್ ಖಾತೆ ಅಂದರೆ ಬಾಡಿಗೆ ಮನೆ. ಡೊಮೇನ್ ಅಂದರೆ ಬಾಗಿಲ ಮೇಲಿನ ಹೆಸರಿನ ಫಲಕ. ಮನೆ ಬದಲಾದರೂ ಫಲಕ ಕಿತ್ತುಕೊಂಡು ಹೋಗಬಹುದು, ಅದು ನಿನ್ನ ಹೆಸರಲ್ಲಿದ್ದರೆ. ಪಬ್ಲಿಕ್ ಎಚ್‌ಟಿಎಂಎಲ್ ಅನ್ನುವ ಫೋಲ್ಡರ್ ಜಗುಲಿ. ಬಂದವರಿಗೆ ಕಾಣುವ ಚಿತ್ರ, ಪುಟ, ಬಣ್ಣ ಎಲ್ಲ ಅಲ್ಲಿ. ಡೇಟಾಬೇಸ್ ಒಳಮನೆಯ ಪೆಟ್ಟಿಗೆ. ಅದು ಜಗುಲಿಯಲ್ಲಿ ನಿಂತವರಿಗೆ ಕಾಣುವುದಿಲ್ಲ. "ಇವತ್ತು ನಾವು ಮನೆ ಖಾಲಿ ಮಾಡೂದು. ಮೊದಲು ಜಗುಲಿ, ಆಮೇಲೆ ಒಳಮನೆ" ಅಂದೆ. ಅವಳು ಹೂಂಗುಟ್ಟಿದಳು.

ಮೊದಲ ಸಂಕಟ ಅಲ್ಲೇ ಎದುರಾಯಿತು. ಅವಳ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಬರುವುದು ಅವಳ ಫೋನಿನಿಂದ. ನಾನು ಮಾತಾಡುತ್ತಿರುವುದೂ ಅದೇ ಫೋನಿಗೆ. ಆ ಕೇರಿಯಲ್ಲಿ ಕರೆ ಬಂದ ಕೂಡಲೇ ಇಂಟರ್‌ನೆಟ್ ನಿಂತುಹೋಗುತ್ತಿತ್ತು. ಅಂದರೆ ನಾನು ಬಾಯಿ ಬಿಟ್ಟರೆ ಅವಳ ಪರದೆ ಸತ್ತಂತೆ, ಅವಳ ಪರದೆ ಬದುಕಿದರೆ ನನ್ನ ಬಾಯಿ ಬಂದ್. ಹಾಗಾಗಿ ಒಂದು ಹೆಜ್ಜೆ ಹೇಳಿ ಫೋನ್ ಇಡುವುದು, ಅವಳು ಮಾಡಿ ತಿರುಗಿ ಫೋನ್ ಮಾಡುವುದು ಎಂದು ನಿಶ್ಚಯಿಸಿದೆವು. ಅದಕ್ಕೂ ಒಂದು ಕಾಟ. ಇಂಟರ್‌ನೆಟ್ ನಿಂತು ಮತ್ತೆ ಬಂದಾಗಲೆಲ್ಲ ಆ ಸರ್ವರ್ ಇವಳನ್ನು ಬೇರೆ ಯಾರೋ ಅಂದುಕೊಂಡು ಹೊರಗೆ ಹಾಕುತ್ತಿತ್ತು. ಪ್ರತಿ ಸಲವೂ ಮೊದಲಿನಿಂದ ಪಾಸ್‌ವರ್ಡ್ ಹೊಡೆಯಬೇಕು. ಆ ಹುಬ್ಬಳ್ಳಿಯವ ಇಟ್ಟ ಪಾಸ್‌ವರ್ಡೋ, ದೊಡ್ಡಕ್ಷರ ಸಣ್ಣಕ್ಷರ ಡಾಲರ್ ಚಿಹ್ನೆ ಎಲ್ಲ ಕಲಸಿದ ಖಿಚಡಿ.

"ಇವ ಪಾಸ್‌ವರ್ಡ್ ಇಟ್ಟದ್ದೋ, ಸೇಡು ತೀರ್ಸ್ಕಂಡದ್ದೋ?" ಎಂದು ಅಕ್ಕ ಬೈದಳು. ನಾನೂ ಸೇರಿ ಬೈದೆ. ಬೈಯುವುದಕ್ಕೆ ಇಂಟರ್‌ನೆಟ್ ಬೇಕಾಗಲಿಲ್ಲ.

ಅಂತೂ ಒಳಗೆ ಹೋದಳು. ಪೂರ್ತಿ ಬ್ಯಾಕಪ್ ತೆಗೆಯುವ ಗುಂಡಿ ಒತ್ತಲು ಹೇಳಿದ್ದೆ. ಆಗಲಿಲ್ಲ. ಫೋನ್ ಮಾಡಿ ಕೆಂಪು ಅಕ್ಷರದಲ್ಲಿ ಬಂದದ್ದನ್ನು ಒಂದೊಂದೇ ಕೂಡಿಸಿ ಓದಿದಳು. ಖಾತೆಯಲ್ಲಿ ಜಾಗವೇ ಉಳಿದಿಲ್ಲವಂತೆ. ನನಗೆ ಕಾರಣ ಹೊಳೆಯಿತು. ಆ ಮಹಾಶಯ ಯಾವುದೋ ಕಾಲದ ಹಳೆ ಬ್ಯಾಕಪ್‌ಗಳನ್ನು ಅದೇ ಖಾತೆಯಲ್ಲಿ ಪೇರಿಸಿಟ್ಟಿದ್ದ. ಮನೆಗೆ ಬೆಂಕಿ ಬಿದ್ದರೆ ಬೇಕೆಂದು ಅದೇ ಮನೆಯ ಅಟ್ಟದಲ್ಲಿ ನೀರು ಇಟ್ಟ ಹಾಗೆ. ಬಿಚ್ಚಿ ನೋಡುವಷ್ಟು ಹೊತ್ತು ಇರಲಿಲ್ಲ, ಆದರೆ ಅವು ಅಕ್ಕನ ಸೈಟ್ ಶುರುವಾಗುವ ಮೊದಲಿನವು, ಬೇರೆ ಯಾರದೋ ಅಂಗಡಿಯವು ಎಂದು ಅದೇ ಪುಟದಿಂದ ಅವಳು ಓದಿ ಹೇಳಿದ ಹೆಸರಲ್ಲೇ ಗೊತ್ತಾಯಿತು.

"ಫೈಲ್ ಮ್ಯಾನೇಜರಿಗೆ ಹೋಗು. ಬ್ಯಾಕಪ್ ಅಂತ ಶುರುವಾಗೂ ಹೆಸರು ಎಷ್ಟದೆ, ಅಷ್ಟನ್ನೂ ಒಂದೊಂದಾಗಿ ಹಿಡಿದು ತೆಗಿ" ಅಂದೆ. "ಅಳಿಸೂ ಮೊದಲು ಒಂದು ಸಣ್ಣ ಚೌಕ ತೋರಿಸ್ತದೆ. ಕಸದ ಬುಟ್ಟಿಗೆ ಹಾಕದೆ ಸೀದಾ ಅಳಿಸಲೋ ಅಂತ ಕೇಳ್ತದೆ. ಅದಕ್ಕೆ ಟಿಕ್ ಹಾಕಿಯೇ ತೆಗಿ. ಇಲ್ಲದಿದ್ರೆ ಬುಟ್ಟಿಯಲ್ಲಿ ಕೂತು ಜಾಗ ಹಿಡೀತದೆ."

ಫೋನ್ ಇಟ್ಟೆ. ಚಹಾ ಕುಡಿದೆ. ಹೋಟೆಲಿನ ಯಜಮಾನಿ, ನಿಂತ ಜನರಿಗೆಲ್ಲ ಅವಲಕ್ಕಿ ಕಲಸುತ್ತಿದ್ದವಳು, "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದಳು. ನನ್ನ ಮುಖ ಹಾಗಿತ್ತು. ಸರ್ವರಿಗೆ ಅಂದೆ. ಅವಳು ಅದು ಯಾರದೋ ಹೆಸರು ಅಂದುಕೊಂಡು, "ದೇವ್ರು ಕಾಯ್ತ, ಹೆದರೂಕಾಗ" ಅಂದಳು.

ಅಕ್ಕನ ಫೋನ್ ಬಂತು. ಎಲ್ಲ ತೆಗೆದೆ, ಈಗ ಜಾಗ ಬೇಕಾದಷ್ಟಿದೆ ಅಂದಳು. ದನಿಯಲ್ಲಿ ಉಮೇದು ಇತ್ತು. ನನಗೂ ಜೀವ ಬಂತು. ಪೂರ್ತಿ ಬ್ಯಾಕಪ್ ಮತ್ತೆ ಹಚ್ಚಿ ಕಾಯುವಷ್ಟು ಹೊತ್ತು ಉಳಿದಿರಲಿಲ್ಲ. ಇನ್ನು ಜಗುಲಿಯಲ್ಲಿ ಏನೇನಿದೆ ನೋಡಿ, ಅಷ್ಟನ್ನೂ ಒಂದು ಗಂಟು ಕಟ್ಟಿ ಕೆಳಗಿಳಿಸಿಕೊಳ್ಳುವುದು. ಹಾಗಾಗಿ ಹೇಳಿದೆ: "ಶಾಭಾಶ್ ಅಕ್ಕಾ. ಇನ್ನು ಪಬ್ಲಿಕ್ ಎಚ್‌ಟಿಎಂಎಲ್ ಅಂತ ಒಂದು ಫೋಲ್ಡರ್ ಅದೆ. ಅದನ್ನು ತೆಗಿ. ತೆಗ್ದು ಫೋನ್ ಮಾಡು."

ಈ ಸಲ ತುಂಬ ಹೊತ್ತಾಯಿತು. ಲಾರಿ ಡ್ರೈವರುಗಳು ನೆರಳಲ್ಲಿ ಇಸ್ಪೀಟು ಹಾಕಿದ್ದರು. ಟ್ಯಾಂಕರಿನ ಗ್ಯಾಸನ್ನು ಇನ್ನೊಂದಕ್ಕೆ ತುಂಬಿಸುವವರು ಕಾರವಾರದ ಕಡೆಯಿಂದ ಬರಬೇಕಂತೆ ಎಂದು ಯಾರೋ ಸುದ್ದಿ ತಂದರು. ನಾನು ಫೋನನ್ನೇ ನೋಡುತ್ತ ನಿಂತೆ. ಕೊನೆಗೆ ಬಂತು.

"ತೆಗ್ದೆ ತಂಗೀ. ಭಾರಿ ಹೊತ್ತು ತಕ್ಕಂತು."

"ಒಳಗೆ ಎಂತೆಂತ ಕಾಣ್ತದೆ?"

"ಒಳಗೆ ಎಲ್ಲಿ? ಎಂತದೂ ಇಲ್ಲ. ಪೂರಾ ಸ್ವಚ್ಛ ಆಯ್ತು."

"ಸ್ವಚ್ಛ ಅಂದ್ರೆ?"

"ಅದೇ, ನೀ ಹೇಳ್ದಂಗೆ. ಟಿಕ್ ಹಾಕಿಯೇ ತೆಗ್ದೆ."

ಅಲ್ಲೇ, ಆ ತೊಳೆಯುವ ಕಟ್ಟೆಯ ಒದ್ದೆ ಅಂಚಿನ ಮೇಲೆ ಕೂತೆ. ಬಾಗಿಲು ತೆಗಿ ಅಂದರೆ ತೆರೆಯುವುದು, ಕಸ ತೆಗಿ ಅಂದರೆ ಎತ್ತಿ ಬಿಸಾಡುವುದು. ಎರಡಕ್ಕೂ ಒಂದೇ ಮಾತು. ಹುಟ್ಟಿದಂದಿನಿಂದ ಆಡುತ್ತ ಬಂದಿದ್ದೇವೆ, ಒಂದು ದಿನವೂ ಯಾರೂ ಬಾಗಿಲು ಕಿತ್ತು ಬಿಸಾಡಲಿಲ್ಲ. ಯಾಕೆಂದರೆ ಬಾಗಿಲು ಕಣ್ಣೆದುರು ಇರುತ್ತದೆ, ಹೇಳುವವನೂ ಎದುರಿಗಿರುತ್ತಾನೆ. ಇಲ್ಲಿ ನಾನು ಸುಂಕಸಾಳದಲ್ಲಿ, ಬಾಗಿಲು ಯಾವ ದೇಶದ ಯಾವ ಯಂತ್ರದಲ್ಲಿತ್ತೋ ದೇವರಿಗೇ ಗೊತ್ತು. ಅದಕ್ಕೆ ತುಸು ಮುಂಚೆ ಅದೇ ಬಾಯಿಂದ ಅದೇ ಮಾತು ಹೇಳಿ ಅಳಿಸುವುದನ್ನು ಕಲಿಸಿದವಳೂ ನಾನೇ.

"ಅಯ್ಯೋ ಅಕ್ಕಾ, ತೆಗಿ ಅಂದ್ರೆ ತೆಗ್ದು ನೋಡು ಅಂತ!" ಎಂದು ಕೂಗಿದೆ. ಬಾಯಿ ಮುಕ್ಕಳಿಸುತ್ತಿದ್ದವನೊಬ್ಬ ಬೆಚ್ಚಿ ನೀರು ನುಂಗಿದ.

"ಹಂಗಾರೆ ತೆರಿ ಅನ್ನೂಕೆ ಎಂತ ಆಗಿತ್ತು ನಿಂಗೆ?" ಅವಳೂ ಕೂಗಿದಳು. "ಮನಿ ಖಾಲಿ ಮಾಡೂದು, ಮೊದ್ಲು ಜಗ್ಲಿ ಅಂದವ್ಳು ನೀನು. ನಾ ಖಾಲಿ ಮಾಡ್ದೆ." ಆಮೇಲೆ ಅವಳಿಗೆ ಅರ್ಥವಾಯಿತು. ದನಿ ಇಳಿಯಿತು. "ತಂಗೀ, ಎಲ್ಲ ಹೋಯ್ತೇ?"

ಐದು ನಿಮಿಷ ಕೊಡು ಅಂದು ಹುಬ್ಬಳ್ಳಿಯವನಿಗೆ ಫೋನ್ ಹಚ್ಚಿದೆ. ಸರ್ವರ್ ಇಟ್ಟವರು ತಮ್ಮ ಕಡೆಯಿಂದಲೂ ಒಂದು ಪ್ರತಿ ಇಟ್ಟುಕೊಂಡಿರುತ್ತಾರೆ. ಅದರಿಂದ ಫೋಲ್ಡರ್ ಮರಳಿ ತರಿಸಬಹುದು. ಅವನು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡ. "ಬ್ಯಾಕಪ್ ಡಿಸ್ಕ್ ನಿನ್ನೀನ ವಾಪಸ್ ಮಾಡೇವ್ರಿ ಮೇಡಂ. ಸಾರಿ ರೀ." ಒಂದು ರಾತ್ರಿಯಾದರೂ ಸರ್ವರ್ ಇಟ್ಟುಕೊಳ್ಳಲು ಆಗುತ್ತದೆಯೇ? "ನನ್ ಮಷೀನ ಅಲ್ಲರಿ ಅದು. ಮ್ಯಾಲಿನವ್ರು ಬಂದ್ ಮಾಡ್ತಾರ, ನಂಗೂ ಹೇಳಿ ಮಾಡಂಗಿಲ್ಲ." ಸೈಟಿನ ಹೆಸರನ್ನಾದರೂ ಅಕ್ಕನ ಹೆಸರಿಗೆ ಮಾಡಿಕೊಡು ಅಂದೆ. ಅದಕ್ಕೆ ಯಾವುದೋ ಹಳೇ ಇಮೇಲ್ ಬೇಕಂತೆ, ಅದರ ಪಾಸ್‌ವರ್ಡ್ ಅವನಿಗೇ ನೆನಪಿಲ್ಲವಂತೆ. ಫೋನ್ ಕಟ್ಟಾಯಿತು. ಅವನು ಇಟ್ಟನೋ ಸಿಗ್ನಲ್ ಹೋಯಿತೋ ಗೊತ್ತಿಲ್ಲ.

ಆ ಹೊತ್ತಿನಷ್ಟು ಸಿಕ್ಕಿಬಿದ್ದ ಹಾಗೆ ನನಗೆ ಎಂದೂ ಅನಿಸಿದ್ದಿಲ್ಲ. ಎದುರು ಟ್ಯಾಂಕರ್, ಹಿಂದೆ ಲಾರಿ, ಕೈಯಲ್ಲಿ ಕೆಲಸಕ್ಕೆ ಬಾರದ ಲ್ಯಾಪ್‌ಟಾಪ್. ಅಂಕೋಲೆಗೆ ನಡೆದೇ ಹೋಗುತ್ತೇನೆ ಎಂದು ಹೊರಟೆ. ಹಗ್ಗ ಕಟ್ಟಿದ ಕಡೆ ಪೊಲೀಸನೊಬ್ಬ ತಡೆದ. ಸಾರ್, ಒಬ್ಬಳ ಮರ್ಯಾದೆ ಪ್ರಶ್ನೆ ಅಂದೆ. "ಅದರಾಚೆ ಹೋದ್ರೆ ಜೀವದ ಪ್ರಶ್ನೆ" ಅಂದ. ಸಿಟ್ಟು ಬಂತು, ಅಳುವೂ ಬಂತು. ತಿರುಗಿ ಬಂದು ಅದೇ ಗೋಡೆಗೆ ಒರಗಿದೆ.

ಅಳು ನಿಂತ ಮೇಲೆ ತಲೆ ಕೆಲಸ ಮಾಡಿತು. ಹೋದದ್ದು ಜಗುಲಿ. ಫೋಟೋ ಹೋಯಿತು, ಪುಟ ಹೋಯಿತು, ಅವಳು ಆಸೆಯಿಂದ ಹಾಕಿಸಿದ ನೀಲಿ ಬಣ್ಣ ಹೋಯಿತು. ಒಳಮನೆಯ ಪೆಟ್ಟಿಗೆಗೆ ಅವಳು ಕೈಯನ್ನೇ ಹಾಕಿಲ್ಲ. ಡೇಟಾಬೇಸ್ ಆ ಫೋಲ್ಡರಿನೊಳಗೆ ಇರುವುದೇ ಇಲ್ಲ, ಬೇರೆ ಕಡೆ ಇರುತ್ತದೆ. ಆರ್ಡರುಗಳು ಅಲ್ಲಿವೆ. ನಾನೇ ಆಗಷ್ಟೆ ಅವಳಿಗೆ ಪಾಠ ಹೇಳಿದ್ದನ್ನು ಹೆದರಿಕೆಯಲ್ಲಿ ನಾನೇ ಮರೆತಿದ್ದೆ. ಸೈಟನ್ನು ಉಳಿಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಫೋಲ್ಡರ್ ಹೋಗಲಿ, ಹೆಸರೂ ಹೋಗಲಿ. ಇರುವ ಹೊತ್ತನ್ನೆಲ್ಲ ಆ ಪೆಟ್ಟಿಗೆಗೇ ಹಾಕುವುದು. ಆದರೆ ಹೇಳಿ-ಇಟ್ಟು-ಕಾಯುವ ಆಟ ಇನ್ನು ಸಾಧ್ಯವಿಲ್ಲ. ಅವಳು ಒತ್ತುವ ಮೊದಲು ನನ್ನ ಕಿವಿಗೆ ಬೀಳಬೇಕು. ಅದಕ್ಕೆ ಅಲ್ಲಿ ಎರಡನೆಯ ಫೋನ್ ಬೇಕು.

"ಅಕ್ಕಾ, ಮೈದುನನ ಫೋನ್ ಇಸ್ಕಂಡು ಬಾ."

"ನಾ ಕೇಳೂದಿಲ್ಲ" ಅಂದಳು. "ಮೀನಿನ ಕೈಯಲ್ಲಿ ಕಂಪ್ಯೂಟರ್ ಮುಟ್ಬೇಡ ಅಂದವ ಅವ. ಈಗ ಎಲ್ಲ ಅಳಿಸಿ ಹಾಕ್ದೆ ಅಂತ ಅವನ ಎದ್ರು ನಿಲ್ಲೂದೇ? ಸಾಯೂದೇ ಮೇಲು."

"ಸಾಯೂದು ನಾಳೆ ಸಾಯಿ. ಇವತ್ತು ಫೋನ್ ತಕ್ಕಂಡು ಬಾ. ಬೈದ್ರೆ ನಂಗೆ ಬೈಯ್ಲಿ."

ಬೈದ. ಅವನ ಫೋನಿನಿಂದಲೇ ಕರೆ ಬಂದಾಗ ಮೊದಲ ಮಾತು ಅವನದೇ. "ನೀವೆಲ್ಲ ಕೂಡಿ ಅತ್ಗೆಯ ಮನಿ ತೊಳ್ದಿಟ್ರಿ. ಟೆಂಪೋದವ ದಾರಿಯಲ್ಲಿದ್ದ. ಎಂತದೂ ಇಲ್ದೆ ಇದ್ರೆ ನಾ ಚೀಲ ಹೇರಿಸೂದೇ." ನಾನು ಹೂಂ ಅಂದೆ. ಜಗಳಕ್ಕೆ ನನ್ನಲ್ಲಿ ಕಸುವಿರಲಿಲ್ಲ. "ಹೇರಿಸಿ. ಆದ್ರೆ ಅಲ್ಲಿತನಕ ಫೋನ್ ಕೊಡಿ" ಅಂದೆ. ಗೊಣಗುತ್ತ ಕೊಟ್ಟ. ಅಕ್ಕ ಅದನ್ನು ಲ್ಯಾಪ್‌ಟಾಪಿನ ಪಕ್ಕ ಮಣೆಯ ಮೇಲೆ ಸ್ಪೀಕರ್ ಹಾಕಿ ಇಟ್ಟಳು. ಅವಳ ಸ್ವಂತ ಫೋನ್ ಇಂಟರ್‌ನೆಟ್ಟಿಗೇ ಮೀಸಲಾಯಿತು. ಮಧ್ಯಾಹ್ನದಿಂದ ಮೊದಲ ಸಲ ಮಾತು, ಪರದೆ ಎರಡೂ ಒಟ್ಟಿಗೆ ಬದುಕಿದವು.

ಇನ್ನು ಮುಂದೆ ನಾನು ಏನನ್ನೂ ಮಾಡು ಅನ್ನಲಿಲ್ಲ. "ಎಂತ ಕಾಣ್ತದೆ ಹೇಳು" ಎಂದೇ ಕೇಳುತ್ತ ಹೋದೆ. ಅವಳು ಕಂಡದ್ದನ್ನು ಹೇಳುವುದು, ಒತ್ತಲೋ ಎಂದು ಕೇಳುವುದು, ನಾನು ಹೌದು ಅಥವಾ ಬೇಡ ಅನ್ನುವುದು. ತೆಗಿ ಅನ್ನುವ ಆ ಒಂದು ಮಾತನ್ನಂತೂ ಇಬ್ಬರೂ ಎತ್ತಲೇ ಇಲ್ಲ.

"ಡೇಟಾಬೇಸ್ ಅಂತ ಒಂದು ಸಾಲಿನಲ್ಲಿ ಸಣ್ಣ ಸಣ್ಣ ಚಿತ್ರ ಇರಬೇಕು, ನೋಡು."

"ಅದೆ. ಒಂದು ಹಾಯಿ ಹೋಡಿ ಇದ್ದಂಗೆ ಕಾಣ್ತದೆ. ಇದೆಂತಕೆ ಇಲ್ಲಿ?"

ಅದೇ. ಡೇಟಾಬೇಸನ್ನು ತೆರೆದು ತೋರಿಸುವ ಸಾಧನದ ಗುರುತು ಹಾಯಿ. ಇಷ್ಟು ವರ್ಷ ನೋಡಿದ್ದೇನೆ, ಅದು ದೋಣಿಯ ಹಾಯಿ ಎಂದು ನನಗೆ ಹೊಳೆದದ್ದಿಲ್ಲ. ಏನೋ ಒಂದು ತ್ರಿಕೋನ ಅಂದುಕೊಂಡಿದ್ದೆ. "ಅದನ್ನೇ ಒತ್ತು" ಅಂದೆ.

ಎಡಗಡೆ ಎರಡು ಹೆಸರು ಬಂದವು. ಮೇಲಿನದನ್ನು ಒತ್ತಲೋ ಅಂದಳು. ಹೌದು ಅಂದೆ. ಮೇಲೆ ಎಕ್ಸ್‌ಪೋರ್ಟ್ ಅನ್ನುವ ಪಟ್ಟಿ, ಅದರೊಳಗೆ ಬೇಗ ಮುಗಿಸುವ ವಿಧಾನ, ಕೆಳಗೆ ಒಂದು ಗುಂಡಿ. ಒಂದೊಂದನ್ನೂ ಓದಿ ಕೇಳಿ ಒತ್ತಿದಳು. ಫೈಲ್ ಇಳಿಯಿತು. ಇಳಿದದ್ದು ಸಾಕಾಗುವುದಿಲ್ಲ, ಅದರಲ್ಲಿ ಏನಿದೆ ನೋಡಬೇಕು. ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ನೋಟ್‌ಪ್ಯಾಡಿನಲ್ಲಿ ಹೇಗೆ ಬಿಡಿಸಿ ನೋಡುವುದೆಂದು ಹೇಳಿದೆ. ಹೊರಗೆ ಹಾರ್ನ್ ಕೇಳಿಸಿತು. ಟೆಂಪೋ ಬಂದಿತ್ತು.

"ತಂಗೀ, ಇದ್ರಲ್ಲಿ ಯಾರ ಹೆಸ್ರೂ ಇಲ್ಲ" ಅಂದಳು. "ಎಂತದೋ ಇಂಗ್ಲಿಷ್. ಮುಂಬೈ ಇಲ್ಲ, ಪುಣೆ ಇಲ್ಲ."

"ನಾ ಹೇಳ್ದೆ ಅಲ್ಲ" ಅಂದ ಮೈದುನ. ಚೀಲ ಎಳೆಯುವ ಸದ್ದು ಫೋನಿನಲ್ಲಿ ಕೇಳಿಸಿತು. "ಒಂದೇ ಒಂದು ಗಳಿಗೆ ನಿಲ್ಲೋ!" ಎಂದು ಅಕ್ಕ ಕಿರುಚಿದಳು. ನಾನು ಹಣೆ ಹಣೆ ಬಡಿದುಕೊಂಡೆ. ಮೇಲಿನ ಹೆಸರು ಏನೆಂದು ಕೇಳದೆಯೇ ಹೌದು ಅಂದುಬಿಟ್ಟಿದ್ದೆ. ಆ ಪಟ್ಟಿಯಲ್ಲಿ ಯಾವಾಗಲೂ ಒಂದು ಯಂತ್ರದ ಸ್ವಂತ ಲೆಕ್ಕಾಚಾರದ್ದು ಇರುತ್ತದೆ. ಅದರಲ್ಲಿ ನಮ್ಮ ಸಾಮಾನು ಏನೂ ಇರುವುದಿಲ್ಲ.

"ಕೆಳಗಿನ ಹೆಸರು ಓದು."

ಓದಿದಳು. ಸೈಟಿನ ಹೆಸರಿನ ಮೊದಲ ಅಕ್ಷರಗಳು, ಕೊನೆಗೆ ಅಂಗಡಿ ಎಂಬುದರ ಇಂಗ್ಲಿಷ್ ಮಾತು. ಒತ್ತು ಅಂದೆ. ಒತ್ತಿದಳು. ಮತ್ತೆ ಎಕ್ಸ್‌ಪೋರ್ಟ್, ಮತ್ತೆ ಗುಂಡಿ. ಈ ಸಲ ಫೈಲ್ ನಿಧಾನವಾಗಿ ಇಳಿಯುತ್ತಿದೆ ಅಂದಳು. ಬಿಸಿಲು ಇಳಿಯುತ್ತಿತ್ತು. ಆ ಸರ್ವರ್ ಯಾವ ಕ್ಷಣದಲ್ಲಿ ಕಣ್ಣು ಮುಚ್ಚುತ್ತದೋ ಯಾರಿಗೂ ಗೊತ್ತಿರಲಿಲ್ಲ. ದೇವರೇ, ಇನ್ನು ಒಂದೇ ಒಂದು ಗಳಿಗೆ ಎಂದು ಬೇಡಿಕೊಂಡೆ. ನಾನು ದಿನಾ ದೇವರನ್ನು ಕೂಗುವವಳಲ್ಲ.

"ಇಳೀತು. ನೋಡ್ತೆ ಇರು."

ಅವಳು ಅಕ್ಷರ ಕೂಡಿಸುವುದು ಕೇಳಿಸುತ್ತಿತ್ತು. ಪೂ... ಪುಣೆ. ಡೊಂಬಿವಲಿ. ಮಡಗಾಂವ. ಒಂದು ಹೆಂಗಸಿನ ಹೆಸರು, ಅದರ ಮುಂದೆ ಬಂಗಡೆ, ಅದರ ಮುಂದೆ ಶೆಟ್ಲಿ. "ಇವ್ಳೇ!" ಎಂದು ಕೂಗಿದಳು. "ಕಳೆದ ವರ್ಷ ಮೋರಿಗೆ ಉಪ್ಪು ಕಡ್ಮೆ ಆಯ್ತು ಅಂದವ್ಳು ಇವ್ಳೇ! ಅದೆ ತಂಗೀ, ಎಲ್ಲರದ್ದೂ ಅದೆ, ಫೋನ್ ನಂಬರ್ ಸಮೇತ ಅದೆ!" ನಾನು ಅಲ್ಲೇ ನಿಂತು ಅತ್ತೆ. ಹೋಟೆಲಿನ ಯಜಮಾನಿ ಓಡಿ ಬಂದು, ಹೋಗಿಬಿಟ್ರಾ ಎಂದು ಕೇಳಿದಳು. ಇಲ್ಲ, ಉಳೀತು ಅಂದೆ. ಅವಳು ಕಣ್ಣು ಮುಚ್ಚಿ ಕೈ ಮುಗಿದಳು.

ಆ ಫೈಲನ್ನು ಪೆನ್‌ಡ್ರೈವಿಗೂ ಹಾಕಿಸಿದೆ, ನನ್ನ ಇಮೇಲಿಗೂ ಕಳಿಸಲು ಹೇಳಿದೆ. ಅಷ್ಟು ಮುಗಿದ ಮೇಲೆ, ಸೈಟಿನ ಹೆಸರು ಹೊಡೆದು ನೋಡು ಅಂದೆ. ಈ ಪುಟ ತೆರೆಯಲಾಗುತ್ತಿಲ್ಲ ಎಂದು ಬಂತಂತೆ. ಜಗುಲಿ ಖಾಲಿಯಾದದ್ದಕ್ಕೋ, ಸರ್ವರ್ ಅಷ್ಟರಲ್ಲೇ ಹೋದದ್ದಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮೈದುನ ಹೊರಗೆ ಹೋಗಿ ಟೆಂಪೋದವನ ಹತ್ತಿರ ಏನೋ ಹೇಳುವುದು ಕೇಳಿಸಿತು. ಚೀಲ ಮತ್ತೆ ಒಳಗೆ ಎಳೆದು ತಂದ ಸದ್ದೂ ಕೇಳಿಸಿತು.

"ಈಗೆಂತ ಮಾಡ್ತೆ?" ಎಂದು ಅಕ್ಕನನ್ನು ಕೇಳಿದೆ. ಹೊಸ ಖಾತೆ, ಹೊಸ ಹೆಸರು, ಈ ಸಲ ಎಲ್ಲ ಅವಳ ಹೆಸರಲ್ಲೇ ಎಂದೆಲ್ಲ ಹೇಳಲು ಹೊರಟಿದ್ದೆ.

"ತಡಿ, ಫೋನ್ ಇಡ್ಬೇಡ" ಅಂದಳು. ಇಂಟರ್‌ನೆಟ್ಟಿನ ಕೆಲಸ ಮುಗಿದಿದ್ದರಿಂದ ತನ್ನ ಫೋನ್ ಎತ್ತಿಕೊಂಡು, ಪರದೆಯ ಮೇಲಿನ ಒಬ್ಬ ಗಿರಾಕಿಯ ನಂಬರಿನ ಅಂಕೆಗಳನ್ನು ಒಂದೊಂದಾಗಿ ಒತ್ತಿದಳು. ಮಣೆಯ ಮೇಲಿನ ಫೋನಿನಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಆ ಕಡೆಯ ಹೆಂಗಸು ಕೊಂಕಣಿಯಲ್ಲಿ ರೇಗುತ್ತಿದ್ದಳು. ಮಧ್ಯಾಹ್ನದಿಂದ ಸೈಟ್ ಬಿಚ್ಚುತ್ತಿಲ್ಲ, ದುಡ್ಡು ನುಂಗಿ ಓಡಿಹೋದೆಯೆಂದು ಮನೆಯಲ್ಲಿ ಎಲ್ಲರೂ ನಗುತ್ತಿದ್ದಾರೆ ಅನ್ನುತ್ತಿದ್ದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕನ್ನಡದಲ್ಲೇ, ಪೇಟೆಯಲ್ಲಿ ಬುಟ್ಟಿಯ ಮುಂದೆ ಕೂತು ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದಳು:

"ಸೈಟ್ ಹೋಯ್ತು, ಬಾಯೀ. ನಾ ಎಲ್ಲೂ ಹೋಗ್ಲಿಲ್ಲ. ನಿಮ್ಮ ಅಡ್ರೆಸ್ ಓದ್ತೆ, ಸರಿ ಅದ್ಯೋ ಹೇಳಿ."